ಗೋಣಿ ಸುತ್ತಿದ ಕಲ್ಲು

ನಮ್ಮನೆ ಕಾರಿಗೆ ಹ್ಯಾಂಡ್ ಬ್ರೇಕ್ ಇರ್ಲಿಲ್ಲ, ಕಲ್ಲು ಇತ್ತು.

ಹಿಡಿ ಏನೋ ಇತ್ತು, ಇಲ್ಲ ಅಂದ್ರೆ ಸುಳ್ಳಾಗ್ತದೆ. ಅದಕ್ಕೆ ಅಮ್ಮ ಸಂತೆಚೀಲ ನೇತು ಹಾಕ್ತಿದ್ಲು. ಕಾರನ್ನ ಏರಲ್ಲಿ ಹಿಡಿದು ನಿಲ್ಲಿಸೋ ಕೆಲಸ ಮಾತ್ರ ಕಲ್ಲಿಂದು. ತೆಂಗಿನಕಾಯಿಗಿಂತ ಒಂಚೂರು ದೊಡ್ಡದು, ಒಂದು ಮಗ್ಗುಲು ಚಪ್ಪಟೆ. ಹಳ್ಳದಲ್ಲಿ ಅರ್ಧ ದಿನ ಹುಡುಕಿ ಅಪ್ಪನೇ ಆರಿಸಿ ತಂದಿದ್ದು. ಬೇರೆಯವ್ರ ಅಪ್ಪಂದಿರು ಕಾರಿಗೆ ಬಣ್ಣ ಆರಿಸ್ತಿದ್ರು, ನಮ್ಮಪ್ಪ ಕಲ್ಲು ಆರಿಸಿದ್ರು. ಬರೀ ಕಲ್ಲು ಇಟ್ರೆ ತಿರುವಲ್ಲಿ ಉರುಳಾಡಿ ಅಜ್ಜಿ ಕಾಲಿಗೆ ಬಡೀತದೆ ಅಂತ ಅದಕ್ಕೆ ಹರಿದ ಕಾಫಿ ಚೀಲದ ಗೋಣಿ ಸುತ್ತಿ, ಹುರಿಯಲ್ಲಿ ಬಿಗಿದು ಕಟ್ಟಿದ್ರು.

ಕಲ್ಲಿಗೊಂದು ಪದ್ಧತಿ ಇತ್ತು. ಎಡಗಡೆ ಬಾಗಿಲ ಹತ್ರ ಯಾರು ಕೂರ್ತಾರೋ ಅವ್ರದ್ದೇ ಕಲ್ಲಿನ ಉಸ್ತುವಾರಿ. ಏರಲ್ಲಿ ಕಾರು ನಿಂತ ಕೂಡ್ಲೆ ಕಲ್ಲು ತಬ್ಬಿಕೊಂಡು ಹಾರಿ, ಹಿಂದಿನ ಚಕ್ರದ ಬುಡಕ್ಕೆ ಇಟ್ಟು, "ಆಯ್ತು" ಅಂತ ಕೂಗ್ಬೇಕು. ಆಗ ಅಪ್ಪ ಬ್ರೇಕಿಂದ ಕಾಲು ತೆಗೀತಿದ್ರು. ಮತ್ತೆ ಹೊರಡೋವಾಗ ಕಾರು ಮುಂದೆ ಸರಿದಿದ್ದೇ ಕಲ್ಲು ಎತ್ಕೊಂಡು ಓಡಿ ಬಂದು ಹತ್ತಬೇಕು. ಚಿಕ್ಕಮ್ಮನ ಮದುವೆ ಆದ ಹೊಸದ್ರಲ್ಲಿ ಚಿಕ್ಕಪ್ಪ ಇದೆಲ್ಲ ಗೊತ್ತಿಲ್ದೆ ಎಡಗಡೆ ಕೂತ್ರು. ಹೊಸ ಅಳಿಯ, ಜರಿ ಪಂಚೆ. ಆ ಪಂಚೆ ಎತ್ತಿ ಕಟ್ಟಿ, ಕಲ್ಲನ್ನ ಎದೆಗೆ ಅವುಚ್ಕೊಂಡು ಅವ್ರು ಕಾರಿನ ಹಿಂದೆ ಓಡಿ ಬಂದಿದ್ದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ಅವತ್ತಿಂದ ಅವ್ರು ನಮ್ಮನೆಗೆ ಬಸ್ಸಲ್ಲೇ ಬರೋದು.

ಹಿಂಗಾಗಿ ಗೋಣಿಬೀಡಿಂದ ಮೂಡಿಗೆರೆವರೆಗೆ ಎಲ್ಲರಿಗೂ ನಮ್ಮ ಕಲ್ಲಿನ ಪರಿಚಯ ಚೆನ್ನಾಗೇ ಇತ್ತು. ಬಸ್ ಡ್ರೈವರುಗಳು ಅಪ್ಪನ್ನ ಕಂಡ್ರೆ, "ಕಾರು ಹೆಂಗಿದೆ" ಅಂತ ಕೇಳ್ತಿರ್ಲಿಲ್ಲ. "ಕಲ್ಲು ಸವೆದಿಲ್ಲ ಅಲ್ಲ ಗೌಡ್ರೆ" ಅಂತಿದ್ರು.

ಕಾರಿನ ಬಾಕಿ ಕಾಯಿಲೆ ಎಲ್ಲ ಹೇಳ್ತಾ ಕೂತ್ರೆ ಮುಗಿಯಲ್ಲ. ಡ್ರೈವರ್ ಬಾಗಿಲು ಒಳಗಿಂದ ತೆಗೆಯೋಕೆ ಬರ್ತಿರ್ಲಿಲ್ಲ, ಕಿಟಕಿಯಿಂದ ಕೈ ಹೊರಗೆ ಹಾಕ್ಬೇಕು. ಎಡಗಡೆ ಹಿಂದಿನ ಮಡ್‌ಗಾರ್ಡ್ ತುಕ್ಕು ತಿಂದು ಅರ್ಧ ಕಳಚಿಕೊಂಡಿತ್ತು, ಬೇಲಿ ತಂತೀಲಿ ಕಟ್ಟಿದ್ವಿ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ಸುತ್ತಮುತ್ತ ತೋಟದವ್ರೆಲ್ಲ ಮಿರಮಿರ ಮಿಂಚೋ ಸಣ್ಣ ಕಾರು ತಗೊಂಡ್ರು. ಅಮ್ಮ ಮೆಲ್ಲಗೆ ವಿಷಯ ತೆಗೆದ್ರೆ ಅಪ್ಪ ಒಂದೇ ಮಾತು ಹೇಳ್ತಿದ್ರು: "ಓಡ್ತದಲ್ಲ."

ಆಗ ನಾನು ಡಿಗ್ರಿಯ ಒಂದು ಸಬ್ಜೆಕ್ಟನ್ನ ಕಾಲೇಜಲ್ಲೇ ಬಿಟ್ಟು ಮನೇಲಿ ಕೂತಿದ್ದೆ. ಲೈಸೆನ್ಸ್ ಬಂದು ಸ್ವಲ್ಪ ದಿನ ಆಗಿತ್ತು. ನನ್ನ ಡ್ರೈವಿಂಗ್ ಬಗ್ಗೆ ನಂಗಿದ್ದ ಅಭಿಪ್ರಾಯ ಮನೇಲಿ ಬೇರೆ ಯಾರಿಗೂ ಇರ್ಲಿಲ್ಲ. ಕಲಿಯೋವಾಗ ಒಂದ್ಸಲ ಕಾರನ್ನ ಸೀದಾ ಕಣಕ್ಕೆ ನುಗ್ಗಿಸಿ, ಒಣ ಹಾಕಿದ್ದ ಕಾಳುಮೆಣಸಿನ ಮೇಲೆ ಹಿಂದೆ ಮುಂದೆ ಓಡಾಡಿಸಿದ್ದೆ. ಬ್ರೇಕ್ ಅಂತ ನಾನು ಒತ್ತಿದ್ದು ಬ್ರೇಕ್ ಅಲ್ಲ. ಆ ವರ್ಷ ನಮ್ಮನೇಲಿ ಸಾರಿಗೆ ಮೆಣಸು ಕುಟ್ಟೋ ಕೆಲಸವೇ ಇರ್ಲಿಲ್ಲ, ಗುಡಿಸಿ ತಂದು ಹಾಕ್ತಿದ್ರು.

ಇಂಥವನ ಕೈಗೆ ಅಪ್ಪ ಕಾರು ಕೊಟ್ಟು ಮೂಡಿಗೆರೆಗೆ ಕಳಿಸಿದ್ರು ಅಂದ್ರೆ ಅವ್ರಿಗೆ ಎಂಥ ಗತಿ ಬಂದಿತ್ತು ಅಂತ ನೀವೇ ಯೋಚ್ನೆ ಮಾಡಿ.

ಜನವರಿ ತಿಂಗಳು. ಅರೇಬಿಕಾ ಕೊಯ್ಲು ಜೋರಾಗಿತ್ತು. ಅರೇಬಿಕಾ ಹಣ್ಣನ್ನ ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸ್ಬೇಕು. ರಾತ್ರಿ ಹಂಗೇ ರಾಶಿ ಬಿಟ್ರೆ ಒಳಗೊಳಗೇ ಬಿಸಿ ಏರಿ ಹುಳಿ ಬರ್ತದೆ. ಆಮೇಲೆ ಹಳ್ಳದ ನೀರೆಲ್ಲ ಹಾಕಿ ತೊಳೆದ್ರೂ ಪಾರ್ಚ್‌ಮೆಂಟಿಂದ, ಅಂದ್ರೆ ಸಿಪ್ಪೆ ಬಿಡಿಸಿದ ಬೀಜದಿಂದ, ಆ ವಾಸನೆ ಹೋಗಲ್ಲ. ಪಲ್ಪರ್ ತಿರುಗಿಸೋಕೆ ನಮ್ಮಲ್ಲಿ ಒಂದು ಡೀಸೆಲ್ ಇಂಜಿನ್ ಇತ್ತು. ಅದು ಹಿಂದಿನ ದಿನ ಸಂಜೆ ಹೊಗೆ ಉಗುಳಿ, ಕೆಮ್ಮಿ, ನಿಂತೇ ಹೋಯ್ತು. ಬೆಳಿಗ್ಗೆ ಅಪ್ಪ ಅದರ ನೆತ್ತಿ ಮೇಲಿನ ಹೆಡ್ ಬಿಚ್ಚಿ ನೋಡಿದ್ರೆ ವಾಲ್ವ್ ಸುಟ್ಟಿದೆ. ಅಷ್ಟೊತ್ತಿಗೆ ಜನ ಕೊಯ್ಲಿಗೆ ಇಳಿದಾಗಿತ್ತು.

ಅಪ್ಪ ಆ ಕಬ್ಬಿಣದ ಗಟ್ಟಿಯನ್ನ ನನ್ನ ಕೈಗೆ ಕೊಟ್ರು. "ಇವತ್ತು ಮೇಲಿನ ಪಟ್ಟೆ ಕೊಯ್ತಿದ್ದಾರೆ. ಇಡೀ ತೋಟದಲ್ಲಿ ಅದರಷ್ಟು ಒಳ್ಳೆ ಹಣ್ಣು ಇಲ್ಲ. ಮೂಡಿಗೆರೇಲಿ ಪಂಪ್ ರಿಪೇರಿಯವ್ರ ಹತ್ರ ವಾಲ್ವ್ ಹಾಕಿಸ್ಕೊಂಡು ಸಂಜೆ ಒಳಗೆ ಹೆಡ್ ತಂದು ಕೊಡು. ಬೇರೆ ಎಂತದೂ ಮಾಡ್ಬೇಡ."

"ಬೇರೆ ಎಂತ ಮಾಡ್ಲಿ?"

"ಅದೇ. ಎಂತದೂ ಮಾಡ್ಬೇಡ."

ಹೆಡ್ಡಿಂದ ಎಣ್ಣೆ ಸೋರ್ತಿತ್ತು. ಸೀಟು ಹಾಳಾಗ್ತದೆ ಅಂತ ಅಮ್ಮ ಒಂದು ಹರಿದ ಚೀಲ ಕೊಟ್ಲು. ನಾನು ಅದನ್ನ ಹೆಡ್ಡಿಗೆ ಸುತ್ತಿ, ಹುರಿಯಲ್ಲಿ ಬಿಗಿದು ಕಟ್ದೆ. ಕಟ್ಟೋದ್ರಲ್ಲಿ ನಂದು ಒಳ್ಳೆ ಕೈ.

ಕಾರು ತೆಗೆಯೋವಾಗ ನೋಡಿದ್ರೆ ಅಜ್ಜಿ ಆಗ್ಲೇ ಮುಂದಿನ ಸೀಟಲ್ಲಿ ಕೂತಿದಾಳೆ. ಒಗೆದ ಸೀರೆ, ಕೈಯಲ್ಲಿ ಎಲೆಅಡಿಕೆ ಚೀಲ.

"ಅಜ್ಜಿ, ನಾನು ಅರ್ಜೆಂಟ್ ಕೆಲಸಕ್ಕೆ ಹೋಗ್ತಿರೋದು."

"ನಂದೂ ಅರ್ಜೆಂಟೇ. ಕನ್ನಡಕದ ಕಾಲು ಮುರಿದು ಎಷ್ಟು ದಿನ ಆಯ್ತು? ನಿಮ್ಮಪ್ಪನಿಗೆ ಹೇಳಿದ್ರೆ ಅದಕ್ಕೂ ಬೇಲಿ ತಂತಿ ಕಟ್ಟಿ ಕೊಟ್ಟ."

ಹೋಗೋವಾಗ ಎಂತ ತೊಂದ್ರೆನೂ ಆಗ್ಲಿಲ್ಲ. ಅದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಮನೇಲಿ ಯಾರೂ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಮೂಡಿಗೆರೇಲಿ ಪಂಪ್ ರಿಪೇರಿಯವ್ರು ಕೆಲಸ ಮುಗಿಸೋವರೆಗೆ ನಾನೂ ಅಜ್ಜಿನೂ ಕನ್ನಡಕಕ್ಕೆ ಕಾಲು ಹಾಕಿಸ್ಕೊಂಡು, ಹೋಟ್ಲಲ್ಲಿ ಬನ್ಸ್ ತಿಂದು ಬಂದ್ವಿ. ಹೆಡ್ ರೆಡಿ ಇತ್ತು. ನಾನು ಮತ್ತೆ ಗೋಣಿ ಸುತ್ತಿ, ಬಿಗಿದು ಕಟ್ದೆ. ರಿಪೇರಿಯವ್ರು ಹೊರಗೆ ಬಂದು ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರು.

"ಇದಕ್ಕೂ ಏನಾದ್ರೂ ಮಾಡ್ಬೇಕಾ?"

"ಬೇಡ, ಚೆನ್ನಾಗೇ ಓಡ್ತಿದೆ."

"ಹೌದು, ಮುಟ್ಟೋದು ಬೇಡ. ಮುಟ್ಟಿದ್ರೆ ನನ್ನ ಮೇಲೆ ಬರ್ತದೆ."

ಹೆಡ್ಡನ್ನ ಎಡಗಡೆ ಕೆಳಗೆ ಕಲ್ಲಿನ ಪಕ್ಕ ಇಟ್ಟೆ. ಅಜ್ಜಿ ಒಂದೊಂದು ಗಂಟಿನ ಮೇಲೆ ಒಂದೊಂದು ಕಾಲಿಟ್ಟು ಮಹಾರಾಣಿ ಹಂಗೆ ಕೂತ್ಲು. ರಿಪೇರಿ ಆದ ಕನ್ನಡಕ ಹಾಕ್ಕೊಂಡು ದಾರಿ ಉದ್ದಕ್ಕೂ ಕಂಡಿದ್ದನ್ನೆಲ್ಲ ನಂಗೆ ಓದಿ ಹೇಳ್ತಿದ್ಲು. ಗೋಣಿಬೀಡು ದಾಟೋವಾಗ ನಂಗೆ ಎಷ್ಟು ಹೆಮ್ಮೆ ಬಂದಿತ್ತು ಅಂದ್ರೆ, ಸಂಜೆ ಒಳಗೆ ಅಂದಿದ್ದನ್ನ ಮಧ್ಯಾಹ್ನದ ಕಾಫಿ ಹೊತ್ತಿಗೇ ತಂದು ಕೊಟ್ರೆ ಅಪ್ಪ ಎಂತ ಹೇಳ್ಬೋದು ಅಂತ ಅಪ್ಪನ ಮಾತನ್ನೂ ನಾನೇ ತಯಾರು ಮಾಡಿ ಇಟ್ಕೊಂಡಿದ್ದೆ.

ಗೋಣಿಬೀಡು ದಾಟಿ ನಮ್ಮ ತೋಟದ ಕಡೆ ಏರು ಶುರುವಾದ ಮೇಲೆ ಒಂದು ತಿರುವು ಇದೆ. ಬಾಕಿ ಕಾರುಗಳು ಒಂದೇ ಏಟಿಗೆ ತಿರುಗ್ತವೆ. ನಮ್ಮದು ಅರ್ಧಕ್ಕೆ ಬಂದು ನಿಂತು, ಒಂದ್ಸಲ ಹಿಂದೆ ಸರಿದು, ಆಮೇಲೆ ಮುಂದೆ ಹೋಗ್ಬೇಕು. ಅಪ್ಪ ಇದನ್ನ ಕಾಫಿ ಕುಡಿದಷ್ಟು ಸಲೀಸಾಗಿ ಮಾಡ್ತಿದ್ರು. ನಾನೂ ರಿವರ್ಸ್ ಹಾಕ್ದೆ, ಹಿಂದೆ ಬಂದೆ. ಫಸ್ಟ್ ಗೇರಿಗೆ ಹಾಕೋಣ ಅಂತ ಎಳೆದೆ. ಕಟಕ್ ಅಂತ ಒಂದು ಸದ್ದು. ಗೇರ್ ಹಿಡಿ ನನ್ನ ಕೈಗೇ ಬಂತು. ಸ್ಟೀರಿಂಗ್ ಪಕ್ಕ ಇರ್ಬೇಕಾದ್ದು ನನ್ನ ಮುಷ್ಟೀಲಿತ್ತು. ಕಾರು ರಿವರ್ಸಲ್ಲೇ ಕಚ್ಕೊಂಡು ಕೂತಿತ್ತು.

ನಾನು ಗಾಬರಿಯಾಗಿ ಇಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡ್ಕೊಂಡೆ.

"ಅದ್ಯಾಕೆ ಬಿಚ್ದೆ?" ಅಂದ್ಲು ಅಜ್ಜಿ.

"ನಾ ಬಿಚ್ಲಿಲ್ಲ. ಬಂತು."

"ನಿಮ್ಮಪ್ಪ ಹಾಕಿದ್ರೆ ಬರ್ತಿರ್ಲಿಲ್ಲ."

ತಿರುವಲ್ಲಿ ಬಸ್ಸಿಗೆ ಕಾಯ್ತಾ ಕೂತಿದ್ದ ನಾಲ್ಕಾರು ಜನ ಆಗ್ಲೇ ಎದ್ದು ಬಂದ್ರು. ನಮ್ಮ ಕಾರು ನಿಂತ್ರೆ ಎಂತ ಮಾಡ್ಬೇಕು ಅಂತ ಆ ದಾರೀಲಿ ಯಾರಿಗೂ ಹೇಳಿ ಕೊಡ್ಬೇಕಿಲ್ಲ. ಇಬ್ರು ಹಿಂದೆ ಹೋಗಿ ಬೆನ್ನು ಕೊಟ್ಟು ನಿಂತ್ರು. ನಾನು ಕಿಟಕಿಯಿಂದ ಕೈ ಹಾಕಿ ಬಾಗಿಲು ತೆಗೆದು, ಸುತ್ತಿ ಓಡಿ ಎಡಗಡೆಗೆ ಬಂದು, ಕಣ್ಣನ್ನ ಹಿಂದಿನ ಚಕ್ರದ ಮೇಲಿಟ್ಟು ಕೈ ಮಾತ್ರ ಒಳಗೆ ಚಾಚಿದೆ.

"ಅಜ್ಜಿ, ಕಲ್ಲು ಕೊಡು."

"ಯಾವ್ದು?"

"ಯಾವ್ದು ಅಂದ್ರೆ? ಕಲ್ಲು. ಬೇಗ ಕೊಡು."

ಅಜ್ಜಿ ಕಾಲಲ್ಲಿ ಒಂದು ಗಂಟನ್ನ ನನ್ನ ಕಡೆ ದೂಡಿದ್ಲು. ನಾನು ಎತ್ಕೊಂಡು ಹೋಗಿ ಚಕ್ರದ ಬುಡಕ್ಕೆ ಇಟ್ಟು "ಆಯ್ತು" ಅಂತ ಕೂಗ್ದೆ. ಒಳಗೆ ಬ್ರೇಕ್ ಮೇಲೆ ಯಾರೂ ಇರ್ಲಿಲ್ಲ, ಆದ್ರೂ ಅಭ್ಯಾಸ. ಹಿಂದೆ ಬೆನ್ನು ಕೊಟ್ಟವ್ರು ಮೆಲ್ಲಗೆ ಬಿಟ್ರು. ಕಾರು ಕರ್ರ್ ಅಂತ ಗಂಟಿನ ಮೇಲೆ ಒರಗಿ ನಿಂತ್ಕೊಂತು.

ಬಾನೆಟ್ ಎತ್ತಿ ನೋಡ್ದೆ. ಬಾನೆಟ್ ಎತ್ತಿ ನೋಡೋದು ನಾನು ಎಲ್ಲ ಸಂದರ್ಭದಲ್ಲೂ ಮಾಡೋ ಕೆಲಸ. ಒಳಗೆ ಒಂದು ರಾಡು ತುಂಡಾಗಿ ನೇತಾಡ್ತಿತ್ತು. ಅಷ್ಟು ನಂಗೂ ಅರ್ಥ ಆಯ್ತು. ಇನ್ನು ಮುಂದಕ್ಕೆ ಹೋಗೋ ಗೇರೇ ಇಲ್ಲ.

ಕಾಯ್ತಿದ್ದವ್ರಲ್ಲಿ ಬೀಡಿ ಸೇದ್ತಿದ್ದ ಒಬ್ಬ ಹಿರಿಯರು ಕೇಳಿದ್ರು: "ಹಿಂದಕ್ಕೆ ಹೋಗ್ತದಾ?"

"ಹಿಂದಕ್ಕೆ ಮಾತ್ರ ಹೋಗ್ತದೆ."

"ಹಂಗಾದ್ರೆ ಮುಖ ಆಕಡೆ ತಿರುಗಿಸಿ ಹೋಗು ಮಾರಾಯ. ಕಾರಿಗೆ ಎಂತ ಗೊತ್ತಾಗ್ತದೆ?"

ಆ ಹೊತ್ತಿಗೆ ಅದು ಬಹಳ ದೊಡ್ಡ ಬುದ್ಧಿ ಅನ್ನಿಸ್ತು. ಮನೆಗೆ ಇನ್ನು ಎರಡು ಮೂರು ಮೈಲಿ ಅಷ್ಟೇ. ಅಲ್ಲಿ ಪಟ್ಟೆಯಿಂದ ಹಣ್ಣು ಬರ್ತಾ ಇರ್ತದೆ, ಅಪ್ಪ ಇಂಜಿನ್ ಮುಂದೆ ಸ್ಪ್ಯಾನರ್ ಹಿಡ್ಕೊಂಡು ನಿಂತಿರ್ತಾರೆ. ನಾನು ಹತ್ತಿ ಕ್ಲಚ್ ಒತ್ತಿ ಹಿಡ್ಕೊಂಡೆ. ಎಲ್ರೂ ಸೇರಿ ತಿರುವಿನ ಅಗಲದಲ್ಲಿ ಕಾರನ್ನ ಆಕಡೆ ಈಕಡೆ ತಳ್ಳಿ, ಹಿಂಭಾಗ ನಮ್ಮ ತೋಟದ ಕಡೆಗೂ ಮುಖ ಗೋಣಿಬೀಡಿನ ಕಡೆಗೂ ಮಾಡಿ ನಿಲ್ಲಿಸಿದ್ರು. ಸ್ಟಾರ್ಟ್ ಮಾಡ್ದೆ. ಕ್ಲಚ್ ಬಿಟ್ಟೆ. ನಮ್ಮ ಕಾರು ಹುಯ್ ಅಂತ ಹಾಡ್ತಾ ಏರು ಹತ್ತೋಕೆ ಶುರು ಮಾಡ್ತು. ಸತ್ಯ ಹೇಳ್ಬೇಕಂದ್ರೆ ಅದು ಮುಂದಕ್ಕೆ ಹೋಗೋವಾಗ ಯಾವತ್ತೂ ಅಷ್ಟು ಚೆನ್ನಾಗಿ ಏರು ಹತ್ತಿರ್ಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಕೇಳಿದ್ಲು: "ಕಲ್ಲು ತಗೊಂಡ್ಯಾ?"

"ಅಯ್ಯೋ, ಬಿಟ್ಟೆ."

"ನಿಲ್ಸಿ ಓಡಿ ತಾ."

"ಏರಲ್ಲಿ ನಿಲ್ಸಕ್ಕೆ ಕಲ್ಲು ಬೇಕಲ್ಲ ಅಜ್ಜಿ."

ಅಜ್ಜಿ ಇದನ್ನ ಯೋಚ್ನೆ ಮಾಡಿ, ಸರಿ ಅಂತ ಒಪ್ಕೊಂಡ್ಲು. "ಹೋಗ್ಲಿ ಬಿಡು," ಅಂದೆ ನಾನು, "ಕಲ್ಲಿಗೆ ಇಲ್ಲೇನು ಬರಗಾಲ. ಹಳ್ಳದಲ್ಲಿ ಇನ್ನೊಂದು ಸಿಗ್ತದೆ. ಹೆಡ್ ಇದ್ಯಲ್ಲ, ಅದು ಮುಖ್ಯ."

ಅಜ್ಜಿ ಕೆಳಗಿದ್ದ ಗಂಟಿನ ಮೇಲೆ ಎರಡೂ ಕಾಲು ಭದ್ರವಾಗಿ ಇಟ್ಲು.

ನಂಗೆ ಕುತ್ತಿಗೆ ತಿರುಚಿ ತಿರುಚಿ ಕೋಳಿ ಕುತ್ತಿಗೆ ಹಂಗಾಗಿತ್ತು. ಅಜ್ಜಿಗೆ ಮಾತ್ರ ಬಹಳ ಖುಷಿ. "ಯಾವಾಗ್ಲೂ ದಾರೀಲಿ ಇರೋದೆಲ್ಲ ಬಂದಂಗೆ ಓಡಿ ಹೋಗ್ತಿತ್ತು. ಇವತ್ತು ನೋಡಿ ಮುಗಿಸೋವರೆಗೂ ಕಾಣ್ತದೆ," ಅಂತ ಹೇಳ್ತಾ, ಕಂಡವ್ರಿಗೆಲ್ಲ ಕೈ ಬೀಸ್ತಿದ್ಲು. ನೋಡಿದವ್ರು, ಇವ್ರು ಹೋಗ್ತಿದ್ದಾರೆ ಅಂತ ಕೈ ಬೀಸೋದೋ ಬಂದ್ರು ಅಂತ ಬೀಸೋದೋ ಗೊತ್ತಾಗ್ದೆ ಸುಮ್ನೆ ನಿಂತಿದ್ರು.

ಅಷ್ಟೊತ್ತಿಗೆ ಮೇಲಿಂದ ಬಸ್ಸು ಬಂತು. ಡ್ರೈವರಿಗೆ ಕಂಡಿದ್ದು ನಮ್ಮ ಕಾರಿನ ಹಿಂಭಾಗ. ನಾವೂ ಅವ್ರ ಮುಂದೆ ಅದೇ ದಿಕ್ಕಿಗೆ ಹೋಗ್ತಿದ್ದೀವಿ ಅಂತ ಅವ್ರು ಅಂದ್ಕೊಂಡ್ರು. ಸೈಡ್ ಕೊಡಿ ಅಂತ ಹಾರ್ನ್ ಹೊಡೆದ್ರು. ಕಾರು ದೂರ ಹೋಗೋದು ಬಿಟ್ಟು ದೊಡ್ಡದಾಗ್ತಾ ಬಂತು. ಆಗ ಅವ್ರು ಹೊಡೆದ ಬ್ರೇಕಿಗೆ ಬಸ್ಸಿನ ಮೇಲಿದ್ದ ಬಾಳೆಗೊನೆ ಒಂದು ಕೆಳಗೆ ಬಿತ್ತು.

ಅದೃಷ್ಟಕ್ಕೆ ಅಲ್ಲಿ ದಾರಿ ಸ್ವಲ್ಪ ಮಟ್ಟಸ, ಅಗಲ. ನಾನು ಪಕ್ಕಕ್ಕೆ ತಂದು ನಿಲ್ಲಿಸ್ದೆ. ಬಸ್ಸು ಮೆಲ್ಲಗೆ ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿದ್ರು. ನಾನು ಸಣ್ಣವನಿದ್ದಾಗಿಂದ ಅದೇ ದಾರೀಲಿ ಬಸ್ ಓಡಿಸ್ತಿದ್ದವ್ರು.

"ಎಂತ ಮಾರಾಯ, ಹೋಗ್ತಿದ್ದೀಯೋ, ಬರ್ತಿದ್ದೀಯೋ?"

"ಬರ್ತಿದ್ದೀನಿ ಅಣ್ಣ. ಮೂಡಿಗೆರೆಯಿಂದ."

"ಅಲ್ಲಿಂದ ಹಿಂಗೇನಾ?"

ನಾನು ಬಾಯಿ ತೆಗೆಯೋಕೆ ಮುಂಚೆ ಅಜ್ಜಿ, "ಹೂಂ, ಅಲ್ಲಿಂದ ಹಿಂಗೇ," ಅಂದ್ಲು. ಬಸ್ಸಿಡೀ ಎಡಗಡೆಯಿಂದ ಬಲಗಡೆ ಕಿಟಕಿಗೆ ಬಂತು. ಮಾರನೇ ದಿನಕ್ಕೆ ಈ ಸುದ್ದಿ ಮಲ್ಲಂದೂರಿಗೆ ಮುಟ್ಟೋವಾಗ ನಾನು ಚಿಕ್ಕಮಗಳೂರಿಂದ ಹಿಮ್ಮುಖವಾಗಿ ಬಂದಿದ್ದೆ ಅಂತ ಆಗಿತ್ತಂತೆ.

ನಮ್ಮನೆ ಗೇಟು ದಾಟೋವಾಗ ಕಣದಲ್ಲಿ ಇದ್ದವ್ರೆಲ್ಲ ಕೆಲಸ ಬಿಟ್ಟು ನಿಂತ್ರು. ಕೊಯ್ಲಿನವ್ರು ಚೀಲ ಸುರೀತಿದ್ರು. ಕೆಂಪು ರಾಶಿ ಆಗ್ಲೇ ಮೊಣಕಾಲು ದಾಟಿ ಬೆಳೆದಿತ್ತು. ಮೇಸ್ತ್ರಿ ಒಬ್ರು ಮಾತ್ರ ಬಾಯಿ ಬಿಟ್ರು: "ಸಣ್ಣಯ್ಯ, ಕಾರು ಉಲ್ಟಾ ಇದೆ." ಅಪ್ಪ ಯಾಕೆ ಎಂತ ಅಂತ ಕೇಳ್ಲೇ ಇಲ್ಲ. ಅವ್ರ ಕಣ್ಣೆಲ್ಲ ರಾಶಿ ಮೇಲೇ ಇತ್ತು.

"ಹೆಡ್ ಕೊಡು."

ನಾನು ಅಜ್ಜಿ ಕಾಲ ಕೆಳಗಿಂದ ಗಂಟು ತೆಗೆದು, ಎರಡೂ ಕೈಯಲ್ಲಿ ತಾಂಬೂಲ ಕೊಡೋ ಹಂಗೆ ಕೊಟ್ಟೆ. ಅಪ್ಪ ಹುರಿ ಬಿಚ್ಚಿದ್ರು. ಗೋಣಿ ಬಿಚ್ಚಿದ್ರು. ಕಲ್ಲು.

ಅಪ್ಪ ಆರಿಸಿ ತಂದ ಅದೇ ಕಲ್ಲು, ಒಂದು ಮಗ್ಗುಲು ಚಪ್ಪಟೆ.

ಅಪ್ಪ ಅದನ್ನ ಒಂದ್ಸಲ ಈಕಡೆಯಿಂದ, ಒಂದ್ಸಲ ಆಕಡೆಯಿಂದ ನೋಡಿದ್ರು. ಆಮೇಲೆ ಬಹಳ ಮೆತ್ತಗೆ ಕೇಳಿದ್ರು: "ಇದನ್ನ ಎಲ್ಲಿಗೆ ಫಿಟ್ ಮಾಡ್ಲಿ?"

ನಂಗೆ ಆ ಹೊತ್ತಿಗೆ ಒಂದೆರಡು ಉತ್ತರ ಹೊಳೆದ್ವು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಕೊಂಡು ನಿಂತೆ.

ಕಾರಿಂದ ಅಜ್ಜಿ ಹೇಳಿದ್ಲು: "ನಾ ಯಾವ್ದು ಅಂತ ಕೇಳ್ದೆ. ಇವನೇ ಬೇಗ ಕೊಡು ಅಂದ."

ಅಪ್ಪ ಮೇಸ್ತ್ರಿಯನ್ನ ಸೈಕಲ್ಲಲ್ಲಿ ತಿರುವಿನ ಹತ್ರ ಓಡಿಸಿದ್ರು. ನಾನು ಹೋಗ್ತೀನಿ ಅಂದೆ. "ನೀನು ಇಲ್ಲೇ ನಿಲ್ಲು, ಎಲ್ಲೂ ಹೋಗ್ಬೇಡ" ಅಂದ್ರು. ಪಕ್ಕದ ತೋಟದ ಪಲ್ಪರ್ ಆ ದಿನಗಳಲ್ಲಿ ಅವ್ರ ಹಣ್ಣಿಗೇ ಸಾಲ್ತಿರ್ಲಿಲ್ಲ. ಅಮ್ಮ ರಾಶಿ ಒಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ, ಹೊರಗೆ ತೆಗೆದು, ಸೆರಗಲ್ಲಿ ಒರೆಸ್ಕೊಂಡು, "ಬೆಚ್ಚಗಾಗ್ತಿದೆ" ಅಂದ್ಲು. ಆ ಮಾತು ಕೇಳಿ ಅಪ್ಪ ಅಲ್ಲೇ ಕಟ್ಟೆ ಮೇಲೆ ಕೂತ್ಕೊಂಡ್ರು. ಅಪ್ಪ ಕೊಯ್ಲಿನ ಕಾಲದಲ್ಲಿ ಹಗಲು ಹೊತ್ತು ಕೂತಿದ್ದನ್ನ ನಾನು ನೋಡಿರ್ಲಿಲ್ಲ.

ಮೇಸ್ತ್ರಿ ಬಂದ್ರು. "ಅಲ್ಲಿ ಎಂತದೂ ಇಲ್ಲ ಅಯ್ಯ. ರಸ್ತೆ ಮೇಲೆ ಒಂಚೂರು ಎಣ್ಣೆ ಕಲೆ ಇದೆ ಅಷ್ಟೇ."

ಬಿಸಿಲು ಎದುರು ಗುಡ್ಡದ ತುದಿಗೆ ಹೋಗಿತ್ತು. ಯಾರೂ ಮಾತಾಡ್ತಿರ್ಲಿಲ್ಲ. ನಂಗೆ ಮೌನ ತಡೆಯೋಕಾಗಲ್ಲ, ಅದೊಂದು ಕಾಯಿಲೆ. "ಹೋಗ್ಲಿ ಬಿಡಿ ಅಪ್ಪ," ಅಂದೆ, "ಕಾರಿಗೇ ಬೆಲ್ಟ್ ಹಾಕಿ ಪಲ್ಪರ್ ತಿರುಗ್ಸಣ. ಹೆಂಗಿದ್ರೂ ಅದು ಇನ್ನೆಲ್ಲಿಗೂ ಹೋಗಲ್ಲ."

ತಮಾಷೆಗೆ ಹೇಳಿದ್ದು. ಬೈಗುಳ ಬರ್ತದೆ ಅಂತ ಒಂದು ಹೆಜ್ಜೆ ಹಿಂದೆ ಸರಿದೂ ಇದ್ದೆ. ಅಪ್ಪ ಕಾರನ್ನ ನೋಡಿದ್ರು. ಪಲ್ಪರ್ ನೋಡಿದ್ರು. ಮತ್ತೆ ಕಾರನ್ನ ನೋಡಿದ್ರು. ಎದ್ದು ನಿಂತ್ರು.

"ಜಾಕ್ ತಾ."

ಆಮೇಲೆ ಆಗಿದ್ದೆಲ್ಲ ಬಹಳ ಬೇಗ. ಕಾರಿನ ಹಿಂಭಾಗ ಪಲ್ಪರ್ ಕಡೆ ಬರೋ ಹಂಗೆ ಶೆಡ್ಡಿಗೆ ತಂದ್ವಿ. 'ತಿರುಗಿಸೋದು ಬೇಡ, ಸೀದಾ ಹಂಗೇ ಹೋಗ್ತದೆ' ಅಂತ ಹೇಳೋಕೆ ಹೋಗಿ ಅಪ್ಪನ ಮುಖ ನೋಡಿ ಬಿಟ್ಟೆ. ಮುಂದಿನ ಚಕ್ರಕ್ಕೆ ಕಲ್ಲು ಇಟ್ವಿ. ಹಿಂದಿನ ಎಡಗಡೆ ಚಕ್ರವನ್ನ ಜಾಕ್ ಮೇಲೆ ಎತ್ತಿ, ಟೈರ್ ಬಿಚ್ಚಿ ಬರೀ ರಿಮ್ ಹಾಕಿದ್ವಿ. ಬೆಲ್ಟಿಗೆ ಮಡ್‌ಗಾರ್ಡ್ ಅಡ್ಡ ಬರ್ತಿತ್ತು. ಅಪ್ಪ ಬೇಲಿ ತಂತಿ ಕತ್ತರಿಸಿದ್ರು, ಅದು ದಡ್ ಅಂತ ಬಿತ್ತು. ಇಷ್ಟು ವರ್ಷ ಅದನ್ನ ರಿಪೇರಿ ಮಾಡಿಸ್ದೆ ಇದ್ದಿದ್ದು ಇದಕ್ಕೇ ಅನ್ನೋ ಹಂಗೆ ಅಪ್ಪ ಅಮ್ಮನ ಕಡೆ ಒಂದು ನೋಟ ನೋಡಿದ್ರು. ಇಂಜಿನ್ನಿನ ಉದ್ದ ಬೆಲ್ಟನ್ನ ತಂದು ಒಂದು ತುದಿ ಕಾರಿನ ರಿಮ್ಮಿಗೆ, ಒಂದು ತುದಿ ಪಲ್ಪರಿನ ಗಾಲಿಗೆ ಹಾಕಿ ಎಳೆದು ಕಟ್ಟಿದ್ವಿ.

ನಾನು ಸೀಟಿಗೆ ಹತ್ತಿ ಸ್ಟಾರ್ಟ್ ಮಾಡ್ದೆ. ಪಕ್ಕದ ಸೀಟಲ್ಲಿ ಅಜ್ಜಿ ಇನ್ನೂ ಕೂತೇ ಇದ್ಲು. ಕಾರು ಜಾಕ್ ಮೇಲೆ ಏರೋವಾಗಲೂ ಇಳಿದಿರ್ಲಿಲ್ಲ, ನಮಗ್ಯಾರಿಗೂ ನೆನಪೂ ಆಗಿರ್ಲಿಲ್ಲ.

ಮೇಸ್ತ್ರಿ ಹಣ್ಣು ಸುರಿದ್ರು. ಅಪ್ಪ ಬಗ್ಗಿ ಪಲ್ಪರ್ ಬಾಯೊಳಗೆ ನೋಡ್ತಿದ್ರು. ನಾನು ಕ್ಲಚ್ ಬಿಟ್ಟೆ.

ಕಾರು ಇದ್ದಿದ್ದು ರಿವರ್ಸಲ್ಲಿ. ಚಕ್ರ ಹಿಂದಕ್ಕೆ ತಿರುಗ್ತು, ಬೆಲ್ಟ್ ಹಿಂದಕ್ಕೆ ಹೋಯ್ತು, ಪಲ್ಪರೂ ಹಿಂದಕ್ಕೆ ತಿರುಗ್ತು. ಒಳಗೆ ಹೋಗ್ಬೇಕಾದ ಹಣ್ಣೆಲ್ಲ ಬುರ್ರ್ ಅಂತ ಹೊರಗೆ ಹಾರಿ ಅಪ್ಪನ ಮುಖಕ್ಕೆ ಬಿತ್ತು. ನಾನು ಕನ್ನಡಿಯಲ್ಲಿ ಅಪ್ಪ ಕೈ ಬೀಸೋದನ್ನ ನೋಡಿ, ಇನ್ನೂ ಜೋರಾಗಿ ಅಂತಿದ್ದಾರೆ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದೆ.

ನಾನು ಆಫ್ ಮಾಡಿ ಇಳಿಯೋವಾಗ ಅಪ್ಪನ ಮೀಸೇಲಿ ಒಂದು ಹಣ್ಣು ಸಿಕ್ಕಿತ್ತು. ಅಮ್ಮ ಸೆರಗು ಬಾಯಿಗೆ ಒತ್ಕೊಂಡು ಶೆಡ್ಡಿಂದ ಹೊರಗೆ ಹೋದ್ಲು, ಅವಳ ಬೆನ್ನು ಕುಣೀತಿತ್ತು. ಮೇಸ್ತ್ರಿ ಶೆಡ್ಡಿನ ಮಾಡು ನೋಡ್ತಾ ನಿಂತ್ರು. ಅಪ್ಪ ಮುಖ ಒರೆಸ್ಕೊಳ್ತಾ, "ಮುಂದಕ್ಕೆ ತಿರುಗೋ ಗೇರ್ ಇಲ್ಲ ಅಂದ್ಮೇಲೆ ಮುಗೀತು," ಅಂದ್ರು. ಬೇಜಾರಲ್ಲೇ ಹೇಳಿದ್ದು. ಹೊರಗೆ ರಾಶಿಯಿಂದ ಒಂಥರಾ ಸಿಹಿ ಘಾಟು ಬರೋಕೆ ಶುರುವಾಗಿತ್ತು.

ಅಜ್ಜಿ ಕಿಟಕಿಯಿಂದ ತಲೆ ಹಾಕಿ ಅಪ್ಪನಿಗೆ ಹೇಳಿದ್ಲು: "ನಮ್ಮ ಕಾಲದಲ್ಲಿ ಅಕ್ಕಿ ಗಿರಣೀಲಿ ಒಂದೊಂದು ಬೆಲ್ಟ್ ನಡುವೆ ತಿರುಚಿ ಹಾಕ್ತಿದ್ರಲ್ಲ. ಅದ್ಯಾಕೆ ಹಂಗೆ ಅಂತ ನಿಮ್ಮಪ್ಪನ ಹತ್ರ ಕೇಳಿದ್ದೆ. ಈ ಗಾಲಿ ಈಕಡೆ ತಿರುಗಿದ್ರೆ ಆ ಗಾಲಿ ಆಕಡೆ ತಿರುಗ್ಲಿ ಅಂತ, ಅಂದಿದ್ರು."

ಅಪ್ಪ ಅವ್ರ ಅಮ್ಮನ ಕಡೆ ತಿರುಗಿದ್ರು. "ಅವ್ವ, ಇದನ್ನ ಮೊದಲೇ ಹೇಳಕ್ಕೆ ಎಂತ ಆಗಿತ್ತು?"

"ನೀ ಕೇಳಿದ್ರಲ್ಲ ಹೇಳದು. ಇವನೂ ಕೇಳಲ್ಲ, ನೀನೂ ಕೇಳಲ್ಲ."

ಬೆಲ್ಟ್ ಬಿಚ್ಚಿ, ನಡುವೆ ಒಂದು ತಿರುವು ಹಾಕಿ, ಕನ್ನಡದ ನಾಲ್ಕು ಬರೆದ ಹಂಗೆ ಅಡ್ಡ ಮಾಡಿ ಮತ್ತೆ ಹಾಕಿದ್ವಿ. ಈ ಸಲ ಅಪ್ಪ ದೂರ ನಿಂತ್ಕೊಂಡ್ರು. ನಾನು ಕ್ಲಚ್ ಬಿಟ್ಟೆ. ಕಾರು ಹಿಂದಕ್ಕೆ ಹೋಗ್ತೀನಿ ಅಂತ ತಿರುಗ್ತು, ಪಲ್ಪರ್ ಮುಂದಕ್ಕೆ ಹೋಗ್ತೀನಿ ಅಂತ ತಿರುಗ್ತು. ಒಂದು ಕಡೆ ಕೆಂಪು ಸಿಪ್ಪೆ, ಇನ್ನೊಂದು ಕಡೆ ಬೆಳ್ಳಗೆ ಲೋಳೆ ಲೋಳೆ ಬೀಜ ಬೀಳೋಕೆ ಶುರುವಾಯ್ತು.

ನಿಂತಲ್ಲೇ ಓಡೋ ಕಾರಿಗೆ ಗಾಳಿ ಎಲ್ಲಿಂದ ಬರ್ಬೇಕು? ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಕುದಿಯೋಕೆ ಶುರು ಮಾಡ್ತು. ಅಮ್ಮ ಪಲ್ಪರಿಗೆ ಬರೋ ನೀರಿನ ತೂಬಿಂದ ಚೆಂಬಲ್ಲಿ ಹಿಡಿದು ಹಿಡಿದು ತಂದು ಸುರೀತಿದ್ಲು. ಮೇಸ್ತ್ರಿ ಪಲ್ಪರಿಗೆ ಸುರಿಯೋದು, ಅಮ್ಮ ಕಾರಿಗೆ ಸುರಿಯೋದು. ನಾನು ಒಂದೇ ಹದದಲ್ಲಿ ಆಕ್ಸಿಲರೇಟರ್ ಒತ್ತಿ ಕೂರ್ಬೇಕು. ಅಲ್ಲಾಡಬಾರದು, ಮಾತಾಡಬಾರದು ಅಂತ ಅಪ್ಪನ ಆರ್ಡರು. ನಂಗೆ ಕಾರು ಓಡಿಸೋದಕ್ಕೆ ಇದರಷ್ಟು ಯೋಗ್ಯ ಜಾಗ ಇನ್ನೊಂದು ಸಿಗ್ತಿರ್ಲಿಲ್ಲ. ಗುದ್ದೋಕೆ ಎಂತದೂ ಇಲ್ಲ.

ರಾತ್ರಿ ಊಟದ ಹೊತ್ತಿಗೆ ರಾಶಿ ಮುಗೀತು. ಅಪ್ಪ ತೊಟ್ಟಿಯಿಂದ ಒಂದು ಮುಷ್ಟಿ ಬೀಜ ಎತ್ತಿ ಮೂಸಿದ್ರು. ಮತ್ತೆ ಮೂಸಿದ್ರು. ಅಮ್ಮನ ಮೂಗಿಗೂ ಹಿಡಿದ್ರು. ಅಮ್ಮ ತಲೆ ಆಡಿಸಿದ್ಲು. ಹುಳಿ ಇರ್ಲಿಲ್ಲ. ಅಪ್ಪ ಬಂದು ಕಾರಿನ ಬಾನೆಟ್ ಮೇಲೆ ಕೈ ಇಟ್ಟು, ಕೈ ಸುಟ್ಕೊಂಡು, ಅಮ್ಮನ ಕಡೆ ತಿರುಗಿ, "ಓಡ್ತದಲ್ಲ," ಅಂದ್ರು.

ಮಾರನೇ ದಿನ ಬೆಳಿಗ್ಗೆ ಬಸ್ಸು ನಮ್ಮ ಗೇಟಿನ ಹತ್ರ ನಿಂತು ಹಾರ್ನ್ ಹೊಡೀತು. ಡ್ರೈವರ್ ಕಾಲ ಹತ್ರ ಇಟ್ಕೊಂಡಿದ್ದ ಗೋಣಿ ಗಂಟನ್ನ ಎರಡು ಕೈಯಲ್ಲಿ ಎತ್ತಿ ಕೊಟ್ರು.

"ನಿಮ್ಮ ಕಲ್ಲು ಗೌಡ್ರೆ. ನಿನ್ನೆ ತಿರುವಲ್ಲಿ ಬಿದ್ದಿತ್ತು. ಯಾರಾದ್ರೂ ಹೊತ್ಕೊಂಡು ಹೋದ್ರೆ ನಿಮಗೆ ಕಷ್ಟ ಆಗ್ತದೆ ಅಂತ ಎತ್ತಿಟ್ಕೊಂಡೆ." ಆಮೇಲೆ ಮೆಲ್ಲಗೆ, "ಮೊದಲಿಗಿಂತ ತೂಕ ಜಾಸ್ತಿ ಆಗಿದೆ ಕಣ್ರಿ," ಅಂದ್ರು.

ಅಪ್ಪ ಅವ್ರಿಗೆ ಕಾಫಿ ಕುಡಿಸಿ ಕಳಿಸಿ, ಶೆಡ್ಡಲ್ಲಿ ಗಂಟು ಬಿಚ್ಚಿದ್ರು. ಹೆಡ್ ಇತ್ತು. ಆದ್ರೆ ನಮ್ಮ ಕಾರಿನ ಭಾರ ಹೊತ್ತು ಅದರ ಬೋಲ್ಟು ಬಗ್ಗಿ, ಮೂಲೇಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೊಸ ಹೆಡ್ ಬರೋಕೆ ದಿನ ಹಿಡೀತದೆ ಅಂತ ಮೂಡಿಗೆರೆಯಿಂದ ಸುದ್ದಿ ಬಂತು. ಅಲ್ಲಿವರೆಗೆ ನಮ್ಮ ಕೊಯ್ಲೆಲ್ಲ ಕಾರಲ್ಲೇ ಪಲ್ಪ್ ಆಗಿದ್ದು.

ಸಂಜೆ ಆಗ್ತಿದ್ದಂಗೆ ಅಜ್ಜಿ ಕನ್ನಡಕ ಹಾಕ್ಕೊಂಡು, ಎಲೆಅಡಿಕೆ ಚೀಲ ಹಿಡ್ಕೊಂಡು ಬಂದು ಮುಂದಿನ ಸೀಟಲ್ಲಿ ಕೂರ್ತಿದ್ಲು. ಕಾರು ಗಡಗಡ ಅಂತ ನಡುಗ್ತಾ ನಿಂತಲ್ಲೇ ಓಡ್ತಿತ್ತು. "ಇವತ್ತು ಎಲ್ಲಿಗೆ ಅಜ್ಜಿ?" ಅಂತ ಕೇಳಿದ್ರೆ ಒಂದು ದಿನ ಕಳಸ, ಒಂದು ದಿನ ಅವಳ ತವರು ಸಂಸೆ. ರಾಶಿ ದೊಡ್ಡದಿದ್ದ ದಿನ ದೂರದ ಊರು. ಇಳಿಯೋವಾಗ ಸೊಂಟ ಹಿಡ್ಕೊಂಡು, "ರಸ್ತೆ ಬಹಳ ಹಾಳಾಗಿದೆ" ಅಂತಿದ್ಲು.

ಒಡೆದ ಹೆಡ್ಡನ್ನ ಅಪ್ಪ ಎಸೀಲಿಲ್ಲ. ನಮ್ಮಪ್ಪ ಯಾವ್ದನ್ನ ಎಸೆದಿದ್ದಾರೆ? ಚಕ್ರಕ್ಕೆ ಇಡೋಕೆ ಇದೂ ಚೆನ್ನಾಗಿದೆ ಅಂತ ಅದಕ್ಕೂ ಗೋಣಿ ಸುತ್ತಿಸಿ, ಕಲ್ಲಿನ ಪಕ್ಕದಲ್ಲೇ ಇಟ್ರು. ದಿನಾ ಸಂಜೆ ಹಣ್ಣು ಸುರಿಯೋಕೆ ಮುಂಚೆ ನಾನು ಕೆಳಗೆ ಕೂತು, ಮುಂದಿನ ಚಕ್ರದ ಮೇಲೆ ಕಣ್ಣಿಟ್ಟು, ಎಡಗಡೆ ಬಾಗಿಲೊಳಗೆ ಕೈ ಚಾಚ್ತಿದ್ದೆ.

"ಅಜ್ಜಿ, ಕಲ್ಲು ಕೊಡು."

ಸ್ವಲ್ಪ ಹೊತ್ತು ಎಲೆ ಅಗಿಯೋ ಸದ್ದು. ಆಮೇಲೆ ಒಳಗಿಂದ ಬರ್ತಿತ್ತು.

"ಯಾವ್ದು?"